ಚಂಚಲ ಮಗುವಿಗೆ ಬೇಕಾದುದು ದಂಡನೆಯಲ್ಲ, ಚಿಕಿತ್ಸೆ

ದಂಪತಿಗಳೇ,

ಮಗು ಹುಟ್ಟಿದೊಡನೆ ಅದರ ತೂಕವನ್ನು ನೋಡಿಸುತ್ತೀರಿ. ಕಾಲಕಾಲಕ್ಕೆ ಲಸಿಕೆ ಹಾಕಿಸುತ್ತೀರಿ. ಜ್ವರ ಬಂದರೆ ರಾತ್ರಿಯೆಲ್ಲ ಎಚ್ಚರವಿದ್ದು ಹಣೆಗೆ ಒದ್ದೆ ಬಟ್ಟೆ ಹಾಕುತ್ತೀರಿ. ಆದರೆ ಮಗುವಿನ ಮನಸ್ಸು ಒಂದೆಡೆ ನಿಲ್ಲದೆ ಹೋದಾಗ, ಅದಕ್ಕೂ ವೈದ್ಯರ ನೆರವು ಉಂಟೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ತಿಳಿಯದ ಕಾರಣದಿಂದಲೇ ಎಷ್ಟೋ ಮಕ್ಕಳು ಪೆಟ್ಟು ತಿನ್ನುತ್ತಾರೆ, ಶಾಲೆ ಬಿಡುತ್ತಾರೆ, ‘ದಡ್ಡ’, ‘ಪುಂಡ’ ಎಂಬ ಹೆಸರನ್ನು ಹೊತ್ತು ಬೆಳೆಯುತ್ತಾರೆ. ಬೆಂಗಳೂರು ದಕ್ಷಿಣ ಭಾಗದ ಸುತ್ತಲಿನ ಹಳ್ಳಿಗಳಲ್ಲಿ ವಾಸಿಸುವ ದಂಪತಿಗಳು ಇಂತಹ ಮಗುವಿಗೆ ಚಿಕಿತ್ಸೆಯನ್ನು ಎಲ್ಲಿ, ಹೇಗೆ ಪಡೆಯಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಒಂದು ಕುಟುಂಬದ ನಿದರ್ಶನ

ಕನಕಪುರ ರಸ್ತೆಯ ಒಳಭಾಗದ ಒಂದು ಹಳ್ಳಿ. ಸೊಪ್ಪು ಬೆಳೆದು ಬನಶಂಕರಿಗೆ ತಂದು ಮಾರುವ ದಂಪತಿಗಳು. ಅವರ ಎಂಟು ವರ್ಷದ ಮಗ ಊಟಕ್ಕೆ ಕುಳಿತರೆ ಎರಡು ತುತ್ತು ಮುಗಿಯುವ ಮೊದಲೇ ಎದ್ದು ಓಡುವನು. ಉಪ್ಪು ತಾ ಎಂದು ಅಂಗಡಿಗೆ ಕಳುಹಿಸಿದರೆ ದಾರಿಯಲ್ಲಿ ಗಾಳಿಪಟ ಕಂಡು ಉಪ್ಪನ್ನು ಮರೆಯುವನು. ಶಾಲೆಯಲ್ಲಿ ಪ್ರಶ್ನೆ ಮುಗಿಯುವ ಮುನ್ನವೇ ಉತ್ತರ ಕೂಗುವನು, ಆದರೆ ಅದೇ ಉತ್ತರವನ್ನು ಬರೆಯಲು ಹೇಳಿದರೆ ಒಂದು ಸಾಲು ಬರೆದು ಪಕ್ಕದವನ ಪೆನ್ಸಿಲ್ ಕಸಿಯುವನು. ವಾರಕ್ಕೊಮ್ಮೆ ದೂರು ಬರುತ್ತಿತ್ತು. ದೂರು ಬಂದ ದಿನ ತಂದೆಯ ಕೋಲು ಮಾತನಾಡುತ್ತಿತ್ತು. ‘ನೀನು ಬೆಳೆಸಿದ ರೀತಿಯೇ ಸರಿಯಿಲ್ಲ’ ಎಂದು ತಾಯಿಯ ಮೇಲೆ ಎಲ್ಲರೂ ಅಪವಾದ ಹೊರಿಸುತ್ತಿದ್ದರು. ತಾಯತ ಕಟ್ಟಿಸಿದರು, ಹರಕೆ ಹೊತ್ತರು. ಹುಡುಗ ಹಾಗೆಯೇ ಇದ್ದನು. ಬದಲಾದದ್ದು ಒಂದೇ: ತಂದೆಯ ಹೆಜ್ಜೆಯ ಸಪ್ಪಳ ಕೇಳಿದರೆ ಅವನು ಬಾಗಿಲ ಹಿಂದೆ ಅಡಗತೊಡಗಿದನು.

ಈ ಹುಡುಗ ಪುಂಡನಲ್ಲ, ದಡ್ಡನೂ ಅಲ್ಲ. ಅವನಿಗಿದ್ದುದು ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ಪರಿಚಯವಿರುವ ಒಂದು ತೊಂದರೆ.

ಈ ತೊಂದರೆ ಎಂದರೇನು?

ಇದಕ್ಕೆ ‘ಗಮನ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ’ ಎಂದು ಹೆಸರು. ವೈದ್ಯರು ಎ.ಡಿ.ಎಚ್.ಡಿ. ಎಂದು ಕರೆಯುತ್ತಾರೆ. ಇದು ಹೊಸದಾಗಿ ಹುಟ್ಟಿದ ಪಟ್ಟಣದ ಕಾಯಿಲೆಯಲ್ಲ. 1902ರಲ್ಲಿಯೇ ಲಂಡನ್ ನಗರದ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ಇಂತಹ ಮಕ್ಕಳ ಬಗ್ಗೆ ಉಪನ್ಯಾಸಗಳನ್ನು ನೀಡಿದ್ದರು. ಲೋಕದ ನಾನಾ ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ನೂರು ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಈ ತೊಂದರೆ ಇರುವುದು ಕಂಡುಬಂದಿದೆ.

ನಮ್ಮ ಮೆದುಳಿನ ಮುಂಭಾಗವು ಗಮನವನ್ನು ಒಂದೆಡೆ ಹಿಡಿದಿಡುವ, ಮನಸ್ಸಿಗೆ ಬಂದುದನ್ನು ಒಡನೆಯೇ ಮಾಡದಂತೆ ತಡೆಯುವ ಕಾರ್ಯವನ್ನು ಮಾಡುತ್ತದೆ. ಈ ಮಕ್ಕಳಲ್ಲಿ ಆ ಭಾಗವು ನಿಧಾನವಾಗಿ ಪಕ್ವವಾಗುತ್ತದೆ. ಅಲ್ಲಿ ಸಂದೇಶ ಸಾಗಿಸುವ ರಾಸಾಯನಿಕ ವಸ್ತುಗಳ ಕಾರ್ಯವೂ ಸಾಕಷ್ಟು ನಡೆಯುವುದಿಲ್ಲ. ಗಾಡಿಗೆ ಕಟ್ಟಿದ ಎತ್ತುಗಳು ಬಲಿಷ್ಠವಾಗಿದ್ದು, ಹಿಡಿಯುವ ಹಗ್ಗ ಮಾತ್ರ ಸಡಿಲವಾಗಿದ್ದರೆ ಹೇಗೋ ಹಾಗೆ. ಅಂತಹ ಗಾಡಿ ದಾರಿ ತಪ್ಪಿತೆಂದು ಎತ್ತನ್ನು ಹೊಡೆದರೆ ಅದು ಇನ್ನೂ ಬೆದರುವುದೇ ಹೊರತು ದಾರಿಗೆ ಬಾರದು.

ಗುರುತಿಸುವುದು ಹೇಗೆ?

ಮಕ್ಕಳು ಚಟುವಟಿಕೆಯಿಂದ ಇರುವುದು ಸಹಜ. ಓಡುವ ಮಗುವೆಲ್ಲ ರೋಗಿಯಲ್ಲ. ಕೆಳಗಿನ ಲಕ್ಷಣಗಳಲ್ಲಿ ಹಲವು ಒಟ್ಟಿಗೆ ಇದ್ದು, ಆರು ತಿಂಗಳಿಗೂ ಹೆಚ್ಚು ಕಾಲ ಮುಂದುವರಿದು, ಮನೆ ಹಾಗೂ ಶಾಲೆ ಎರಡೂ ಕಡೆ ಕಂಡುಬಂದು, ಮಗುವಿನ ಕಲಿಕೆಗೆ ಮತ್ತು ಒಡನಾಟಕ್ಕೆ ಅಡ್ಡಿಯಾಗಿದ್ದರೆ ಮಾತ್ರ ವೈದ್ಯರಿಗೆ ತೋರಿಸಬೇಕು.

1. ಹೇಳಿದ ಮಾತನ್ನು ಕೇಳಿಸಿಕೊಳ್ಳದವನಂತೆ ಇರುವುದು. ಆರಂಭಿಸಿದ ಕೆಲಸವನ್ನು ಅರ್ಧಕ್ಕೆ ಬಿಡುವುದು.
2. ಪುಸ್ತಕ, ಪೆನ್ಸಿಲ್, ಚಪ್ಪಲಿ ಮುಂತಾದವನ್ನು ಪದೇ ಪದೇ ಕಳೆದುಕೊಳ್ಳುವುದು.
3. ಕುಳಿತಲ್ಲಿ ಕೂರದೆ ಕೈಕಾಲು ಆಡಿಸುತ್ತಲೇ ಇರುವುದು. ಸದಾ ಓಡುವುದು, ಹತ್ತುವುದು.
4. ತನ್ನ ಸರದಿಗೆ ಕಾಯದಿರುವುದು. ಇತರರ ಮಾತಿನ ನಡುವೆ ಬಾಯಿ ಹಾಕುವುದು.
5. ಅಪಾಯವನ್ನು ಯೋಚಿಸದೆ ರಸ್ತೆಗೆ ನುಗ್ಗುವುದು, ಬಾವಿಯ ಕಟ್ಟೆ ಏರುವುದು.

ಈ ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮೊದಲೇ ತಲೆದೋರುತ್ತವೆ. ಗಂಡುಮಕ್ಕಳಲ್ಲಿ ಓಟ ಗಲಾಟೆಗಳು ಹೆಚ್ಚಾಗಿ ಕಾಣುವುದರಿಂದ ಅವರು ಬೇಗ ಕಣ್ಣಿಗೆ ಬೀಳುತ್ತಾರೆ. ಹೆಣ್ಣುಮಕ್ಕಳಲ್ಲಿ ಅನೇಕರು ಗಲಾಟೆ ಮಾಡುವುದಿಲ್ಲ. ಸುಮ್ಮನೆ ಕಿಟಕಿಯಾಚೆ ನೋಡುತ್ತಾ ಕುಳಿತು ಪಾಠದಲ್ಲಿ ಹಿಂದುಳಿಯುತ್ತಾರೆ. ‘ಇವಳಿಗೆ ಓದು ಹತ್ತದು’ ಎಂದು ಬೇಗನೆ ಶಾಲೆ ಬಿಡಿಸುವ ಮುನ್ನ ಒಮ್ಮೆ ವೈದ್ಯರಿಗೆ ತೋರಿಸಿರಿ.

ಇದು ಯಾರ ತಪ್ಪು?

ಯಾರ ತಪ್ಪೂ ಅಲ್ಲ. ಈ ತೊಂದರೆಯಲ್ಲಿ ಅನುವಂಶೀಯತೆಯ ಪಾತ್ರ ಬಹು ದೊಡ್ಡದು. ತಂದೆ, ತಾಯಿ ಅಥವಾ ಹತ್ತಿರದ ರಕ್ತಸಂಬಂಧಿಗಳಲ್ಲಿ ಬಾಲ್ಯದಲ್ಲಿ ಇಂತಹ ಸ್ವಭಾವ ಇದ್ದುದು ವಿಚಾರಿಸಿದರೆ ಎಷ್ಟೋ ವೇಳೆ ತಿಳಿದುಬರುತ್ತದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ, ಕಡಿಮೆ ತೂಕದ ಮಕ್ಕಳಲ್ಲಿ ಇದರ ಸಂಭವ ಸ್ವಲ್ಪ ಹೆಚ್ಚು. ಆದುದರಿಂದ ಗರ್ಭಿಣಿಯು ಮೊದಲ ತಿಂಗಳುಗಳಿಂದಲೇ ತಪಾಸಣೆ ಮಾಡಿಸಿಕೊಳ್ಳುವುದು, ಕಬ್ಬಿಣಾಂಶದ ಮಾತ್ರೆ ಸೇವಿಸುವುದು, ತಂಬಾಕು ಮತ್ತು ಮದ್ಯದಿಂದ ಸಂಪೂರ್ಣ ದೂರವಿರುವುದು ಅವಶ್ಯ. ಆಕೆಯ ಸಮೀಪದಲ್ಲಿ ಪತಿಯೂ ಬೀಡಿ ಸೇದಬಾರದು.

ತಾಯಿಯ ಮುದ್ದಿನಿಂದಾಗಲಿ, ಗ್ರಹಚಾರದಿಂದಾಗಲಿ, ದೃಷ್ಟಿ ತಾಕುವುದರಿಂದಾಗಲಿ ಈ ತೊಂದರೆ ಬರುವುದಿಲ್ಲ. ಪತಿಯು ಪತ್ನಿಯನ್ನು, ಪತ್ನಿಯು ಪತಿಯ ಮನೆತನವನ್ನು ದೂಷಿಸುತ್ತಾ ಕಳೆಯುವ ಪ್ರತಿ ವರ್ಷವೂ ಮಗುವಿನ ಕಲಿಕೆಯಿಂದ ಕಳೆದುಹೋಗುವ ವರ್ಷ.

ಮೊದಲು ಎಲ್ಲಿಗೆ ಹೋಗಬೇಕು?

ಮೊದಲ ಹೆಜ್ಜೆ ನಿಮ್ಮ ಊರಿನ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ. ನಗರದ ಅಂಚಿನಲ್ಲಿ ವಾಸಿಸುವವರಿಗೆ ‘ನಮ್ಮ ಕ್ಲಿನಿಕ್’ ಕೂಡ ಇದೆ. ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಆಕೆಯೂ ನಿಮಗೆ ದಾರಿ ತೋರಿಸುವಳು. ವೈದ್ಯಾಧಿಕಾರಿಗಳು ಮೊದಲು ಮಗುವಿನ ಕಣ್ಣು, ಕಿವಿ, ರಕ್ತಹೀನತೆ, ನಿದ್ರೆ ಇವುಗಳನ್ನು ಪರಿಶೀಲಿಸುವರು. ಕಿವಿ ಕೇಳದ ಮಗುವೂ ಮಾತಿಗೆ ಓಗೊಡುವುದಿಲ್ಲ. ಕಣ್ಣು ಮಂಜಾದ ಮಗುವೂ ಕಪ್ಪುಹಲಗೆಯಿಂದ ಮುಖ ತಿರುಗಿಸುತ್ತದೆ. ಒಂದು ಬಗೆಯ ಮೂರ್ಛೆರೋಗದಲ್ಲಿ ಮಗುವು ಕೆಲವು ಕ್ಷಣ ಶೂನ್ಯದೃಷ್ಟಿಯಿಂದ ನಿಂತುಬಿಡುವುದುಂಟು. ಇವನ್ನೆಲ್ಲ ಬೇರ್ಪಡಿಸಿ ನೋಡಬೇಕಾದುದು ವೈದ್ಯರ ಕರ್ತವ್ಯ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳಿಗೆ ವೈದ್ಯರ ತಂಡ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಆ ತಂಡವು ಗಮನಿಸಬೇಕಾದ ತೊಂದರೆಗಳ ಪಟ್ಟಿಯಲ್ಲಿ ಎ.ಡಿ.ಎಚ್.ಡಿ. ಕೂಡ ಸೇರಿದೆ. ತಂಡ ಬಂದ ದಿನ ನಿಮ್ಮ ಸಂದೇಹವನ್ನು ಶಿಕ್ಷಕರ ಮೂಲಕ ತಿಳಿಸಿರಿ.

ಎರಡನೆಯ ಹೆಜ್ಜೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು. ನಮ್ಮ ರಾಜ್ಯದಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ರೋಗಿಗಳನ್ನು ನೋಡುವ ವ್ಯವಸ್ಥೆ ರೂಪಿಸಲಾಗಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆಂಬುದನ್ನು ಮುಂಚಿತವಾಗಿ ವಿಚಾರಿಸಿಕೊಂಡು ಹೋಗಿರಿ.

ಮೂರನೆಯ ಹೆಜ್ಜೆ ನಿಮ್ಹಾನ್ಸ್. ಹೊಸೂರು ರಸ್ತೆಯಲ್ಲಿ, ಜಯನಗರಕ್ಕೆ ಸಮೀಪದಲ್ಲಿರುವ ಈ ಸಂಸ್ಥೆಯು 1974ರಲ್ಲಿ ಈ ರೂಪ ತಾಳಿತು. ಮಕ್ಕಳ ಮತ್ತು ಹರೆಯದವರ ಮನೋವೈದ್ಯಕ್ಕಾಗಿಯೇ ಇಲ್ಲಿ ಪ್ರತ್ಯೇಕ ವಿಭಾಗವಿದೆ. ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಿಂದ ಇದು ದೂರವಲ್ಲ. ಸೊಪ್ಪು, ಹೂವು, ಹಾಲು ಮಾರಲು ಈ ಕಡೆಗೆ ನಿತ್ಯ ಬರುವ ನಿಮಗೆ ದಾರಿಯೂ ಅಪರಿಚಿತವಲ್ಲ. ‘ಅದು ಹುಚ್ಚರ ಆಸ್ಪತ್ರೆ, ಅಲ್ಲಿ ಕಾಲಿಟ್ಟರೆ ಮಗುವಿಗೆ ಕೆಟ್ಟ ಹೆಸರು’ ಎಂಬ ಹಿಂಜರಿಕೆಯನ್ನು ದಯವಿಟ್ಟು ಬಿಡಿರಿ. ಹಳ್ಳಿಯ ಜನರ ಮನಸ್ಸಿನ ಆರೋಗ್ಯಕ್ಕಾಗಿ ಈ ಸಂಸ್ಥೆ 1970ರ ದಶಕದಲ್ಲಿಯೇ ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಕೇಂದ್ರ ತೆರೆಯಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ನೀಡಿ ಚಿಕಿತ್ಸೆಯನ್ನು ಹಳ್ಳಿಗೆ ತಲುಪಿಸಿತು. ಆ ಮಾದರಿಯೇ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶದಲ್ಲಿ ಹರಡಿತು.

ಹೋಗುವ ದಿನ ಬೆಳಿಗ್ಗೆ ಬೇಗ ತಲುಪಿ ಹೆಸರು ನೋಂದಾಯಿಸಿರಿ. ಜೊತೆಯಲ್ಲಿ ಈ ಕೆಳಗಿನವು ಇರಲಿ: ವೈದ್ಯಾಧಿಕಾರಿಗಳ ಶಿಫಾರಸು ಪತ್ರ, ಆಧಾರ್ ಮತ್ತು ಪಡಿತರ ಚೀಟಿ, ಮಗುವಿನ ತಾಯಿ ಕಾರ್ಡು, ಶಾಲೆಯ ಅಂಕಪಟ್ಟಿ, ಒಂದೆರಡು ನೋಟ್ ಪುಸ್ತಕ, ಶಿಕ್ಷಕರು ಬರೆದುಕೊಟ್ಟ ನಾಲ್ಕು ಸಾಲು. ಬಡ ಕುಟುಂಬಗಳಿಗೆ ಶುಲ್ಕದಲ್ಲಿ ರಿಯಾಯಿತಿ ಉಂಟು. ಸಾಧ್ಯವಾದಷ್ಟೂ ತಂದೆ ತಾಯಿ ಇಬ್ಬರೂ ಹೋಗಬೇಕು.

ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ 14416 ಸಂಖ್ಯೆಗೆ ದೂರವಾಣಿ ಕರೆ ಮಾಡಿರಿ. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮನಸ್’ ಸೇವೆ. ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ಖಾಸಗಿ ಚಿಕಿತ್ಸಾಲಯಕ್ಕೆ ಹೋಗುವುದಾದರೆ

ಜಯನಗರ, ಜೆ.ಪಿ. ನಗರಗಳಲ್ಲಿ ಖಾಸಗಿ ಚಿಕಿತ್ಸಾಲಯಗಳು ಅನೇಕವಿವೆ. ಹೋಗುವ ಮುನ್ನ ಕೆಲವು ವಿಷಯಗಳನ್ನು ವಿಚಾರಿಸಿರಿ. ಸಂಸ್ಥೆಯು ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿರಬೇಕು. ಔಷಧ ಬರೆಯುವವರು ನೋಂದಾಯಿತ ಮನೋವೈದ್ಯರು ಅಥವಾ ಮಕ್ಕಳ ತಜ್ಞರಾಗಿರಬೇಕು. ಮನಶ್ಶಾಸ್ತ್ರಜ್ಞರು ಪರೀಕ್ಷೆ ಮತ್ತು ತರಬೇತಿ ನೀಡುವರು. ಔಷಧ ಬರೆಯುವ ಅಧಿಕಾರ ಅವರಿಗಿಲ್ಲ. ಚಿಕಿತ್ಸೆ ನೀಡುವ ಮನಶ್ಶಾಸ್ತ್ರಜ್ಞರು ಭಾರತ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಿರುವರೇ ಎಂದು ಕೇಳುವುದು ನಿಮ್ಮ ಹಕ್ಕು. ‘ಒಂದೇ ತಿಂಗಳಲ್ಲಿ ಪೂರ್ಣ ಗುಣ’ ಎಂದು ಭರವಸೆ ಕೊಟ್ಟು ಮುಂಗಡ ಹಣ ಕೇಳುವವರನ್ನೂ, ಬುದ್ಧಿ ಹೆಚ್ಚಿಸುವ ಟಾನಿಕ್ ಮಾರುವವರನ್ನೂ ದೂರವಿಡಿರಿ.

ತಜ್ಞರು ಏನು ಮಾಡುತ್ತಾರೆ?

ಈ ತೊಂದರೆಯನ್ನು ತೋರಿಸಿಕೊಡುವ ರಕ್ತಪರೀಕ್ಷೆಯಾಗಲಿ, ಸ್ಕ್ಯಾನ್ ಆಗಲಿ ಇಲ್ಲ. ತಜ್ಞರು ನಿಮ್ಮಿಂದ ಮಗುವಿನ ಹುಟ್ಟಿನಿಂದ ಇಂದಿನವರೆಗಿನ ವೃತ್ತಾಂತ ಕೇಳುವರು, ಮಗುವಿನೊಡನೆ ಮಾತನಾಡುವರು, ಆಡಿಸಿ ನೋಡುವರು, ಶಾಲೆಯ ವರದಿ ಓದುವರು. ಕಲಿಕೆಯ ನ್ಯೂನತೆ, ಬುದ್ಧಿಮಾಂದ್ಯ, ಆಟಿಸಂ, ಮನೆಯಲ್ಲಿನ ಭಯ ಅಥವಾ ದುಃಖ ಇವೆಯೇ ಎಂಬುದನ್ನೂ ಪರಿಶೀಲಿಸುವರು. ಇದಕ್ಕೆ ಒಂದಕ್ಕಿಂತ ಹೆಚ್ಚು ಭೇಟಿ ಬೇಕಾಗಬಹುದು. ಬೇಸರಪಡಬೇಡಿರಿ. ಮನೆಯಲ್ಲಿ ಕುಡಿತವಿದ್ದರೆ, ಹೊಡೆತವಿದ್ದರೆ ಮುಚ್ಚಿಡಬೇಡಿರಿ. ವೈದ್ಯರು ಕೇಳುವುದು ತೀರ್ಪು ನೀಡಲು ಅಲ್ಲ, ಚಿಕಿತ್ಸೆಗಾಗಿ.

ತರಬೇತಿ: ಮನೆಯೇ ಮೊದಲ ಚಿಕಿತ್ಸಾಲಯ

ಆರು ವರ್ಷಕ್ಕಿಂತ ಚಿಕ್ಕ ಮಕ್ಕಳಲ್ಲಿ ಮೊದಲ ಚಿಕಿತ್ಸೆ ಔಷಧವಲ್ಲ. ತಂದೆ ತಾಯಿಗಳಿಗೆ ನೀಡುವ ತರಬೇತಿ. ದೊಡ್ಡ ಮಕ್ಕಳಲ್ಲಿಯೂ ಔಷಧದ ಜೊತೆಗೆ ಇದು ಬೇಕೇ ಬೇಕು. ಅದರ ಸಾರ ಹೀಗಿದೆ:

ಮಗುವಿನ ಹತ್ತಿರ ಹೋಗಿ, ಹೆಸರು ಹಿಡಿದು ಕರೆದು, ಅದು ನಿಮ್ಮ ಮುಖ ನೋಡಿದ ಮೇಲೆ ಒಂದು ಸಲಕ್ಕೆ ಒಂದೇ ಕೆಲಸ ಹೇಳಿರಿ. ‘ಕೈ ತೊಳೆದು, ಪುಸ್ತಕ ಎತ್ತಿಟ್ಟು, ಕರುವಿಗೆ ನೀರಿಟ್ಟು ಬಾ’ ಎಂದರೆ ಮೂರೂ ಕೆಡುವವು. ದೊಡ್ಡ ಕೆಲಸವನ್ನು ಚಿಕ್ಕ ತುಂಡುಗಳಾಗಿ ಮಾಡಿರಿ: ಹತ್ತು ನಿಮಿಷ ಬರವಣಿಗೆ, ಬಳಿಕ ಅಂಗಳದಲ್ಲಿ ಒಂದು ಸುತ್ತು ಓಟ, ಮತ್ತೆ ಹತ್ತು ನಿಮಿಷ. ಏಳುವ, ಉಣ್ಣುವ, ಓದುವ, ಮಲಗುವ ಹೊತ್ತು ದಿನವೂ ಒಂದೇ ಆಗಿರಲಿ. ಓದುವಾಗ ದೂರದರ್ಶನ ಮತ್ತು ಮೊಬೈಲ್ ಬೇಡ.

ಒಳ್ಳೆಯದನ್ನು ಮಾಡಿದಾಗ ಆ ಕ್ಷಣದಲ್ಲಿಯೇ ಹೊಗಳಿರಿ. ಸಂಜೆಯ ಹೊಗಳಿಕೆ ಬೆಳಗಿನ ಕೆಲಸವನ್ನು ತಲುಪದು. ಸಣ್ಣ ತಪ್ಪನ್ನು ಕಂಡೂ ಕಾಣದಂತಿರಿ. ದೊಡ್ಡ ತಪ್ಪಿಗೆ ಮೊದಲೇ ತಿಳಿಸಿದ್ದ ಸಣ್ಣ ಶಿಕ್ಷೆ ಸಾಕು, ಉದಾಹರಣೆಗೆ ಆ ದಿನದ ಆಟದಲ್ಲಿ ಸ್ವಲ್ಪ ಕಡಿತ. ಈ ನಿಯಮಗಳಲ್ಲಿ ತಂದೆ, ತಾಯಿ, ಅಜ್ಜ, ಅಜ್ಜಿ ಎಲ್ಲರೂ ಒಂದೇ ಮಾತಿನಲ್ಲಿರಬೇಕು. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಬಿಚ್ಚಿದರೆ ಫಲವಿಲ್ಲ.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂದು ನೀವು ಕೇಳಬಹುದು. ಗಿಡವನ್ನು ಬಗ್ಗಿಸುವುದು ಊರುಗೋಲು ಕೊಟ್ಟು, ಕಟ್ಟಿ, ನೀರೆರೆದು, ಹೊಡೆದಲ್ಲ.

ಔಷಧ ಮತ್ತು ಅದರ ಬಗ್ಗೆ ಇರುವ ಭಯ

ತೊಂದರೆ ಮಧ್ಯಮ ಅಥವಾ ತೀವ್ರವಾಗಿದ್ದರೆ ತಜ್ಞರು ಔಷಧ ಬರೆಯುವರು. ಹೆಚ್ಚಾಗಿ ಬಳಕೆಯಲ್ಲಿರುವುದು ಮಿಥೈಲ್‌ಫೆನಿಡೇಟ್. ಇದು 1950ರ ದಶಕದಿಂದ ವೈದ್ಯರ ಕೈಯಲ್ಲಿರುವ ಔಷಧ. ನಿಮ್ಮ ಮಗುವಿನ ಮೇಲೆ ಮಾಡುವ ಪ್ರಯೋಗವಲ್ಲ. ಸಡಿಲವಾದ ಹಗ್ಗವನ್ನು ಅದು ಕೆಲವು ಗಂಟೆಗಳ ಕಾಲ ಬಿಗಿಗೊಳಿಸುತ್ತದೆ. ಸಾಮಾನ್ಯ ಮಾತ್ರೆಯ ಪ್ರಭಾವ ನಾಲ್ಕು ಗಂಟೆಗಳಷ್ಟು. ನಿಧಾನವಾಗಿ ಕರಗುವ ಬಗೆಯದು ಶಾಲೆಯ ಅವಧಿಯುದ್ದಕ್ಕೂ ಇರುತ್ತದೆ. ಆಟೊಮಾಕ್ಸೆಟಿನ್ ಎಂಬ ಇನ್ನೊಂದು ಔಷಧವು ಫಲ ತೋರಲು ಕೆಲವು ವಾರಗಳು ಬೇಕು. ವಾರದೊಳಗೆ ಗುಣ ಕಾಣಲಿಲ್ಲವೆಂದು ನಿಲ್ಲಿಸಬಾರದು.

ಹಸಿವು ಕಡಿಮೆಯಾಗುವುದು, ನಿದ್ರೆ ತಡವಾಗುವುದು, ತಲೆನೋವು, ಹೊಟ್ಟೆನೋವು ಇವು ಕಾಣಿಸಬಹುದು. ಮಾತ್ರೆಯನ್ನು ಬೆಳಗಿನ ಊಟದೊಂದಿಗೆ ಕೊಟ್ಟು, ರಾತ್ರಿ ಹೊಟ್ಟೆ ತುಂಬ ಊಟ ಬಡಿಸಿದರೆ ಹಸಿವಿನ ತೊಂದರೆಯನ್ನು ಬಹುಮಟ್ಟಿಗೆ ನಿಭಾಯಿಸಬಹುದು. ವೈದ್ಯರು ಭೇಟಿಯ ಕಾಲದಲ್ಲಿ ಎತ್ತರ, ತೂಕ, ನಾಡಿ, ರಕ್ತದೊತ್ತಡಗಳನ್ನು ಅಳೆಯುವರು. ಮಗುವಿಗೆ ಹೃದಯದ ಕಾಯಿಲೆಯಿದ್ದರೆ ಅಥವಾ ಮನೆತನದಲ್ಲಿ ಎಳೆ ವಯಸ್ಸಿನಲ್ಲಿ ಹಠಾತ್ ಮರಣ ಸಂಭವಿಸಿದ್ದರೆ ತಪ್ಪದೆ ಮೊದಲೇ ತಿಳಿಸಿರಿ. ಮಗು ತೀರ ಮಂಕಾದರೆ, ಎದೆನೋವು ಎಂದರೆ, ಎಚ್ಚರ ತಪ್ಪಿದರೆ ಕೂಡಲೇ ವೈದ್ಯರ ಬಳಿಗೆ ಕರೆತನ್ನಿರಿ.

‘ಇದು ಚಟವಾಗುವುದಿಲ್ಲವೇ?’ ಎಂಬ ಪ್ರಶ್ನೆಯನ್ನು ಅನೇಕರು ಕೇಳುತ್ತಾರೆ. ವೈದ್ಯರು ಹೇಳಿದ ಪ್ರಮಾಣದಲ್ಲಿ, ಹಿರಿಯರ ಮೇಲ್ವಿಚಾರಣೆಯಲ್ಲಿ ಕೊಟ್ಟರೆ ಮಗುವಿಗೆ ಚಟವಾಗುವುದಿಲ್ಲ. ಆದರೆ ಇತರರು ಇದನ್ನು ದುರುಪಯೋಗ ಮಾಡಬಹುದು. ಆದಕಾರಣ ಬೀಗವಿರುವ ಪೆಟ್ಟಿಗೆಯಲ್ಲಿಡಿರಿ. ನೆರೆಮನೆಯ ಮಗುವಿಗೆ ಒಂದು ಮಾತ್ರೆಯನ್ನೂ ಕೊಡಬೇಡಿರಿ.

ಔಷಧ ತಪ್ಪದಂತೆ ನೋಡಿಕೊಳ್ಳಿರಿ

ಮಿಥೈಲ್‌ಫೆನಿಡೇಟ್ ಕಾನೂನಿನ ಬಿಗಿ ಹತೋಟಿಯಲ್ಲಿರುವ ಔಷಧ. ಇದನ್ನು ಮಾರಲು ಅಂಗಡಿಗೆ ವಿಶೇಷ ಪರವಾನಗಿ ಬೇಕು. ವೈದ್ಯರ ಚೀಟಿ ಎರಡು ಪ್ರತಿಗಳಲ್ಲಿರಬೇಕು. ಒಂದನ್ನು ಅಂಗಡಿಯವರು ಇಟ್ಟುಕೊಳ್ಳುವರು. ಆದುದರಿಂದ ಹಳ್ಳಿಯ ಅಂಗಡಿಯಲ್ಲಿ ಇದು ಸಿಗದಿದ್ದರೆ ಆಶ್ಚರ್ಯವಿಲ್ಲ, ಅಂಗಡಿಯವನ ತಪ್ಪೂ ಅಲ್ಲ. ಚೀಟಿ ಪಡೆಯುವಾಗಲೇ ‘ಎರಡು ಪ್ರತಿ ಕೊಡಿ, ಇದು ಎಲ್ಲಿ ಸಿಗುತ್ತದೆ?’ ಎಂದು ವೈದ್ಯರನ್ನು ಕೇಳಿರಿ. ಸಾಧ್ಯವಾದರೆ ಆಸ್ಪತ್ರೆಯ ಔಷಧಾಲಯದಿಂದಲೇ ಪಡೆದು ಊರಿಗೆ ಹೊರಡಿರಿ. ಮಾತ್ರೆ ಮುಗಿಯುವುದಕ್ಕೆ ಒಂದು ವಾರ ಮೊದಲೇ ಮುಂದಿನ ಭೇಟಿಯ ದಿನವನ್ನು ಪಂಚಾಂಗದಲ್ಲಿ ಗುರುತು ಹಾಕಿರಿ.

ಚಿಕಿತ್ಸೆ ಸೋಲುವುದು ಔಷಧದ ದೋಷದಿಂದ ಮಾತ್ರವಲ್ಲ, ನಡುವಿನಲ್ಲಿ ನಿಂತುಹೋಗುವುದರಿಂದಲೂ. ಬಿತ್ತನೆಯ ಕಾಲ, ಹಬ್ಬ, ಮದುವೆ ಎಂದು ಎರಡು ಭೇಟಿ ತಪ್ಪಿದರೆ ಮೂರನೆಯದಕ್ಕೆ ಹೋಗಲು ಮನಸ್ಸು ಬಾರದು. ಪ್ರತಿ ಸಲ ನಗರಕ್ಕೆ ಬರುವುದು ಕಷ್ಟವಾದರೆ, ಮುಂದಿನ ತಪಾಸಣೆಯನ್ನು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಮಾಡಿಸಬಹುದೇ ಎಂದು ತಜ್ಞರನ್ನು ಕೇಳಿ ಪತ್ರ ಬರೆಸಿಕೊಳ್ಳಿರಿ. ಸರ್ಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಆರೋಗ್ಯ ಸೇವೆ ಪಡೆಯುವುದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ನಿಮಗೆ ಕೊಟ್ಟ ಹಕ್ಕು.

ಶಾಲೆಯ ಸಹಕಾರ

ಶಿಕ್ಷಕರನ್ನು ಭೇಟಿ ಮಾಡಿ ವೈದ್ಯರ ಅಭಿಪ್ರಾಯ ತಿಳಿಸಿರಿ. ಮಗುವನ್ನು ಮುಂದಿನ ಸಾಲಿನಲ್ಲಿ, ಕಿಟಕಿಯಿಂದ ದೂರ ಕೂರಿಸಲು, ನಡುನಡುವೆ ಹಲಗೆ ಒರೆಸುವ, ಸೀಮೆಸುಣ್ಣ ತರುವ ಕೆಲಸ ಕೊಡಲು ವಿನಂತಿಸಿರಿ. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಇಂತಹ ಮಕ್ಕಳಲ್ಲಿ ಕೆಲವರಿಗೆ ಓದುಬರಹದ ಕಲಿಕಾ ನ್ಯೂನತೆಯೂ ಜೊತೆಗಿರುತ್ತದೆ. ಅದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಸೇರಿರುವುದರಿಂದ, ಪ್ರಮಾಣಪತ್ರ ದೊರೆಯಬಹುದೇ ಎಂದು ತಜ್ಞರನ್ನು ವಿಚಾರಿಸಿರಿ.

ದೊಡ್ಡವರಲ್ಲಿಯೂ ಇರಬಹುದು

ವಯಸ್ಸಾದಂತೆ ಓಟ ತಗ್ಗಿದರೂ ಮರೆವು, ಆತುರ, ಕೈಗೆತ್ತಿಕೊಂಡ ಕೆಲಸವನ್ನು ಮುಗಿಸಲಾಗದಿರುವುದು ಕೆಲವರಲ್ಲಿ ಉಳಿಯುತ್ತವೆ. ಮಗುವಿನ ಲಕ್ಷಣಗಳನ್ನು ಕೇಳುತ್ತಾ ‘ನಾನೂ ಹೀಗೆಯೇ ಇದ್ದೆ’ ಎಂದು ತಂದೆಯೋ ತಾಯಿಯೋ ತಮ್ಮನ್ನೇ ಗುರುತಿಸಿಕೊಳ್ಳುವುದುಂಟು. ನಾಚಿಕೆಪಡದೆ ಅದನ್ನೂ ವೈದ್ಯರಿಗೆ ತಿಳಿಸಿರಿ. ದೊಡ್ಡವರಿಗೂ ಚಿಕಿತ್ಸೆಯಿದೆ.

ಕೊನೆಯ ಮಾತು

ಮೊದಲು ಹೇಳಿದ ಹುಡುಗನ ವಿಷಯ. ಆರೋಗ್ಯ ಕೇಂದ್ರದ ಪತ್ರ ಹಿಡಿದು ತಂದೆ ತಾಯಿ ಇಬ್ಬರೂ ಅವನನ್ನು ತಜ್ಞರಲ್ಲಿಗೆ ಕರೆದೊಯ್ದರು. ವರ್ಷವೊಂದು ಕಳೆದಿದೆ. ಅವನು ಮೌನಿಯಾದ ಸಾಧು ಬಾಲಕನಾಗಿಲ್ಲ. ಈಗಲೂ ಅಂಗಳದಲ್ಲಿ ಓಡುತ್ತಾನೆ, ಈಗಲೂ ಒಮ್ಮೊಮ್ಮೆ ಉಪ್ಪನ್ನು ಮರೆಯುತ್ತಾನೆ. ಆದರೆ ಹತ್ತು ಸಾಲು ಬರೆದು ಮುಗಿಸುತ್ತಾನೆ, ಗೆಳೆಯರೊಡನೆ ಆಡುತ್ತಾನೆ. ಮಾತ್ರೆಯ ಲೆಕ್ಕ ಇಡುವವನು ತಂದೆ. ಸಂಜೆ ಅವನು ಮಾರುಕಟ್ಟೆಯಿಂದ ಮರಳಿದಾಗ ಹುಡುಗ ಬಾಗಿಲ ಹಿಂದೆ ಅಡಗುವುದಿಲ್ಲ; ಬರೆದ ಪುಟವನ್ನು ತೋರಿಸಲು ಎದುರು ಓಡಿಬರುತ್ತಾನೆ.

ದಂಪತಿಗಳೇ, ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಇಂತಹ ಮಗುವಿದ್ದರೆ ಕೋಲನ್ನು ಕೆಳಗಿಡಿರಿ. ಪರಸ್ಪರ ದೂಷಣೆಯನ್ನು ಬಿಡಿರಿ. ಇಬ್ಬರೂ ಕೂಡಿ, ಮಗುವಿನ ಕೈ ಹಿಡಿದು, ಇಂದೇ ಸಮೀಪದ ಆರೋಗ್ಯ ಕೇಂದ್ರಕ್ಕೆ ಬನ್ನಿರಿ.